ಬೆಂಕಿ ಅಂಗಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಶೆಡ್ಡಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಒರೆಸಿಕೊಂಡು ಸುಮ್ಮನಾಗುತ್ತಿದ್ದೆ. ನನ್ನ ಸಿಟ್ಟು ಇರುವುದು ಕೈಯಲ್ಲಿ. ಇದೇ ಕೈಯಿಂದ ಒಬ್ಬ ದರ್ಜಿಯ ಹಲ್ಲು ಅಲ್ಲಾಡಿಸಿದ್ದೇನೆ, ಗೋದಾಮಿನವನ ಕೆನ್ನೆ ಊದಿಸಿದ್ದೇನೆ, ಕೊನೆಗೆ ಒಂದು ವಿಮಾನ ಹತ್ತಿ ನಲವತ್ತೊಂದು ಸೀಟುಗಳ ಹೊಟ್ಟೆ ಸೀಳಿದ್ದೇನೆ. ಮೊದಲ ಎರಡಕ್ಕೆ ಕ್ಷಮೆ ಕೇಳಿದ್ದುಂಟು. ಮೂರನೆಯದಕ್ಕೆ ಯಾರ ಕಾಲಿಗೂ ಬೀಳುವವಳಲ್ಲ.

ನಮ್ಮದು ವಿಮಾನದ ಸೀಟಿಗೆ ಬಟ್ಟೆ ಹಾಕುವ ಶೆಡ್ಡು. ಹೊಸ ವಿಮಾನಗಳಲ್ಲ, ಅವು ನಮ್ಮಂಥವರ ಹತ್ತಿರ ಸುಳಿಯುವುದಿಲ್ಲ. ನಮ್ಮ ಪಾಲಿಗೆ ಬರುತ್ತಿದ್ದದ್ದು ಪಕ್ಕದ ರಿಪೇರಿ ಹ್ಯಾಂಗರಿನಲ್ಲಿ ನಿಲ್ಲುತ್ತಿದ್ದ ಮುದಿ ವಿಮಾನಗಳು, ಮೂರು ನಾಲ್ಕು ಕಂಪನಿಗಳ ಕೈ ಬದಲಾಯಿಸಿ ಬಂದವು. ಒಳಗೋಡೆಯ ಪ್ಲಾಸ್ಟಿಕ್ಕು ಹಳದಿ ತಿರುಗಿರುತ್ತಿತ್ತು. ತಲೆಯ ಮೇಲಿನ ಸಾಮಾನು ಪೆಟ್ಟಿಗೆಗಳ ಬಾಗಿಲು ಗುದ್ದಿದರೆ ಮಾತ್ರ ಮುಚ್ಚುತ್ತಿದ್ದವು. ಸೀಟಿನ ಕೈಗಳಲ್ಲಿ, ಜನ ಸಿಗರೇಟು ಸೇದುತ್ತಿದ್ದ ಕಾಲದ ಬೂದಿಡಬ್ಬಿಗಳು ಸ್ಕ್ರೂ ಬಿಗಿಸಿಕೊಂಡು ಹಾಗೇ ಕೂತಿರುತ್ತಿದ್ದವು. ಅಂಥದ್ದಕ್ಕೆ ಕಡುನೀಲಿ ಹೊಸ ಬಟ್ಟೆ ತೊಡಿಸಿ ಕಳಿಸುವುದು ನಮ್ಮ ಕೆಲಸ. ಹೊರಗೆ ಥಳಕು, ಒಳಗೆ ಹುಳುಕು ಎಂದು ದರ್ಜಿಗಳು ನಗುತ್ತಿದ್ದರು. ಹಳೇ ಸ್ಪಂಜು ಬಿಚ್ಚಿದರೆ ಸಂದಿಯಲ್ಲಿ ಒಂಟಿ ಓಲೆ, ಕಲ್ಲಾದ ಬಿಸ್ಕತ್ತು, ಏನೇನೋ ಸಿಗುತ್ತಿತ್ತು. ಒಮ್ಮೆ ಇಡೀ ಹಲ್ಲುಸೆಟ್ಟೇ ಸಿಕ್ಕಿತು. ಅದರ ಯಜಮಾನ ಆಮೇಲೆ ಊಟ ಹೇಗೆ ಮಾಡಿದನೋ ಎಂದು ವಾರವಿಡೀ ಚರ್ಚೆ ಮಾಡಿದ್ದೆವು.

ಸೀಟು ಎಂದರೆ ಮೂರು ಪದರ. ಒಳಗೆ ಸ್ಪಂಜು, ಅದರ ಮೇಲೆ ಬೆಂಕಿ ಅಂಗಿ, ಅದರ ಮೇಲೆ ಜನ ನೋಡುವ ಬಟ್ಟೆ. ಬೆಂಕಿ ಅಂಗಿ ಎನ್ನುವುದು ನಮ್ಮ ಶೆಡ್ಡಿನವರು ಇಟ್ಟ ಹೆಸರು. ಬೂದುಬಣ್ಣದ, ಕಂಬಳಿಯಷ್ಟು ದಪ್ಪದ ಬಟ್ಟೆ. ಬೆಂಕಿ ತಗುಲಿದರೆ ಕಪ್ಪಾಗುತ್ತದೆಯೇ ಹೊರತು ಉರಿಯುವುದಿಲ್ಲ. ಅದು ಇಲ್ಲದಿದ್ದರೆ ಕಥೆ ಮುಗಿಯಿತು. ಸ್ಪಂಜಿಗೆ ಕಿಡಿ ಬಿದ್ದರೆ ಎದ್ದೇಳುವ ಕರಿಹೊಗೆ ಮೂರು ಉಸಿರಿಗೆ ಮನುಷ್ಯನನ್ನು ಮಲಗಿಸುತ್ತದೆ. ಆ ಅಂಗಿ ಇದ್ದರೆ ಜನ ಬೆಲ್ಟು ಬಿಚ್ಚಿ, ಮಕ್ಕಳನ್ನು ಎತ್ತಿಕೊಂಡು, ಬಾಗಿಲು ಮುಟ್ಟುವಷ್ಟು ಹೊತ್ತು ಸಿಗುತ್ತದೆ. ಒಂದೂವರೆ ನಿಮಿಷ. ನಾವು ಹೊಲಿಯುತ್ತಿದ್ದದ್ದು ಬಟ್ಟೆಯನ್ನಲ್ಲ, ಆ ಒಂದೂವರೆ ನಿಮಿಷವನ್ನು ಎಂದು ನಾನು ಹೊಸದಾಗಿ ಸೇರಿದವರಿಗೆ ಗಜಕಡ್ಡಿ ಆಡಿಸುತ್ತ ಪಾಠ ಹೇಳುತ್ತಿದ್ದೆ.

ಕತ್ತರಿಸಿ ಉಳಿದ ಬೆಂಕಿ ಅಂಗಿಯ ಚೂರುಗಳಿಗೆ ಶೆಡ್ಡಿನಲ್ಲಿ ಒಂದೇ ಕೆಲಸ: ಒಲೆಯ ಮೇಲಿನ ಚಹಾ ಪಾತ್ರೆ ಹಿಡಿದು ಇಳಿಸುವುದು. ಅದಕ್ಕಿಂತ ಒಳ್ಳೆಯ ಮಸಿಬಟ್ಟೆ ಯಾವ ಮನೆಯಲ್ಲೂ ಇರಲಿಕ್ಕಿಲ್ಲ. ಉರಿಯ ಮೇಲೇ ಮರೆತುಹೋದರೂ ಏನೂ ಆಗುತ್ತಿರಲಿಲ್ಲ.

ಶೆಡ್ಡು ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ನಾನು ಕತ್ತರಿಸುವವಳು. ಮೇಲಿನ ಬಟ್ಟೆ ಕತ್ತರಿಸುವುದು, ಜೊತೆಗೆ ಬೆಂಕಿ ಪರೀಕ್ಷೆ ಮಾಡುವುದು ನನ್ನ ಪಾಲಿಗೆ. ಬೆಂಕಿ ಅಂಗಿಯ ಹೊಸ ರೋಲ್ ಬಂದಾಗ ಅಂಗೈ ಅಗಲದ ಪಟ್ಟಿ ಕತ್ತರಿಸಿ, ತಗಡಿನ ಪೆಟ್ಟಿಗೆಯಲ್ಲಿ ನೇತುಹಾಕಿ, ಕೆಳಗೆ ಬರ್ನರ್ ಹಚ್ಚಿ ಹನ್ನೆರಡು ಸೆಕೆಂಡು ಹಿಡಿಯಬೇಕು. ಉರಿ ತೆಗೆದ ಮೇಲೆ ತಾನಾಗಿ ಆರಿದರೆ ಪಾಸು. ಪುಸ್ತಕದಲ್ಲಿ ನನ್ನ ಸಹಿ, ಅದರ ಪಕ್ಕ ವಿಮಾನ ಕಂಪನಿಯ ತಪಾಸಣೆ ಅಧಿಕಾರಿಯ ಸಹಿ. ಆ ಮಹಾನುಭಾವರಿಗೆ ನಾವು ಸಹಿ ಸಾಹೇಬ್ರು ಎಂದೇ ಹೆಸರಿಟ್ಟಿದ್ದೆವು. ಸಹಿ ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಪರೀಕ್ಷೆಯ ಪಟ್ಟಿಯನ್ನು ನಾನು ಯಾವಾಗಲೂ ರೋಲಿನ ತುದಿಯಿಂದಲೇ ಕತ್ತರಿಸುತ್ತಿದ್ದೆ. ಕೈಗೆ ಮೊದಲು ಸಿಗುವುದು ತುದಿಯೇ ತಾನೆ. ಇಪ್ಪತ್ತೆಂಟು ವರ್ಷ ಹಾಗೇ ಮಾಡಿದೆ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮ್ಮಿಬ್ಬರಿಗೂ ಹೊಲಿಗೆ ಕಲಿಸಿದವಳು ಅಮ್ಮ. ಅಕ್ಕ ಎಡಚಿ, ಹಾಗಾಗಿ ಅವಳ ಕೈಹೊಲಿಗೆ ಎಡಕ್ಕೆ ವಾಲುತ್ತದೆ, ಉಳಿದವರೆಲ್ಲರದು ಬಲಕ್ಕೆ. ಒಳಕೋಣೆಯಲ್ಲಿ ಕೂತು ಬೆಂಕಿ ಅಂಗಿ ಕತ್ತರಿಸಿ ಹೊಲಿಯುವುದು ಅವಳೊಬ್ಬಳ ಕೆಲಸ. ಆ ಕೋಣೆಗೆ ಬೇರೆಯವರು ಹೋಗಬಾರದು, ಧೂಳು ಬೀಳುತ್ತದೆ ಎಂದು ಒಂದು ವರ್ಷದಿಂದ ಭಾವ ಹೊಸ ಕಟ್ಟಳೆ ಮಾಡಿದ್ದ. ಮಾತು ಕಡಿಮೆ ಅಕ್ಕನದು. ಭಾವನ ಕೈ ಮಾತ್ರ ಜೋರು. ಒಮ್ಮೆ ಅವಳ ಬೆನ್ನಿನ ಮೇಲೆ ಬೆಲ್ಟಿನ ಬಾಸುಂಡೆ ನೋಡಿದವಳು ಗಜಕಡ್ಡಿ ಹಿಡಿದು ಅವರ ಮನೆಗೆ ನುಗ್ಗಿ ಭಾವನ ಭುಜಕ್ಕೆ ಎರಡು ಬಿಗಿದೆ. ನ್ಯಾಯ ಮಾಡಿದೆ ಎಂದು ಎದೆಯುಬ್ಬಿಸಿಕೊಂಡು ಬಂದೆ. ಆ ವಾರವಿಡೀ ಅಕ್ಕ ಕೂರಲಾರದೆ ನಿಂತುಕೊಂಡೇ ಹೊಲಿದಳು. ನಾನು ಕೊಟ್ಟ ಎರಡು ಏಟು ಅವಳಿಗೆ ಬಡ್ಡಿ ಸಮೇತ ವಾಪಸು ಸಿಕ್ಕಿದ್ದವು.

ಅದಾದ ಮೇಲೆ ಅವಳು ನನ್ನ ಹತ್ತಿರ ಮನೆಯ ಮಾತು ಎತ್ತುವುದನ್ನೇ ಬಿಟ್ಟಳು. ಕೆಲಸದ ಮಾತೂ ಅಷ್ಟಕ್ಕಷ್ಟೆ. ಒಂದು ದಿನ ನಾನು ಪರೀಕ್ಷೆಯ ಪಟ್ಟಿ ಕತ್ತರಿಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಪುಟ್ಟಿ, ಒಂದ್ಸಲ ರೋಲಿನ ಒಳಗಿಂದ ಕತ್ತರ್ಸಿ ನೋಡೇ" ಅಂದಳು. ನನಗೆ ರೇಗಿತು. "ಇಪ್ಪತ್ತೆಂಟು ವರ್ಷದಿಂದ ಮಾಡ್ತಿದ್ದೀನಿ. ನಂಗೆ ಕಲಿಸೋಕೆ ಬರ್ಬೇಡ, ಹೋಗು" ಎಂದು ಗಜಕಡ್ಡಿಯನ್ನು ಮೇಜಿಗೆ ಬಡಿದೆ. ಅವಳು ಹೋದಳು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಎಪ್ಪತ್ತಾರು ಸೀಟಿನ ಒಂದು ವಿಮಾನದ ಕೆಲಸ ಹಿಂದಿನ ದಿನವಷ್ಟೇ ಮುಗಿದಿತ್ತು. ಸೀಟುಗಳನ್ನೆಲ್ಲ ಒಳಗೆ ಕೂರಿಸಿ ಬೋಲ್ಟು ಬಿಗಿದಿದ್ದರು. ಮಧ್ಯಾಹ್ನ ಎರಡಕ್ಕೆ ಅದನ್ನು ಹ್ಯಾಂಗರಿನಿಂದ ಎಳೆದೊಯ್ಯುವುದು, ನಾಲ್ಕಕ್ಕೆ ಜನ ತುಂಬಿಕೊಂಡು ಹಾರುವುದು. ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಚಹಾಕ್ಕೆಂದು ಎದ್ದೆವು. ಅಕ್ಕ ಒಳಕೋಣೆಯಿಂದ ಬಂದು, ಕೈಯಲ್ಲಿದ್ದ ಬೂದುಬಣ್ಣದ ಚೂರನ್ನು ಬಲಗೈಗೆ ಸುತ್ತಿಕೊಂಡು ಉರಿಯುವ ಒಲೆಯ ಮೇಲಿನ ಪಾತ್ರೆಗೆ ಕೈ ಹಾಕಿದಳು.

ಭುಗ್ಗೆಂದಿತು. ಬಟ್ಟೆ ಹತ್ತಿಕೊಂಡು, ಕರಗಿ, ಅವಳ ಬೆರಳುಗಳಿಗೆ ಮೇಣದ ಹಾಗೆ ಅಂಟಿಕೊಂಡು ಉರಿಯತೊಡಗಿತು. ಪಾತ್ರೆ ಉರುಳಿ ಕುದಿಯುವ ಚಹಾ ಇಬ್ಬರು ದರ್ಜಿಗಳ ಕಾಲ ಮೇಲೆ ಚೆಲ್ಲಿತು. ಅವರು ಬೊಬ್ಬೆ ಹೊಡೆಯುತ್ತಿದ್ದರು. ಅಕ್ಕ ಮಾತ್ರ ಕಿರುಚಲಿಲ್ಲ. ಉರಿಯುವ ಕೈಯನ್ನು ಮುಂದೆ ಚಾಚಿ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ನೀರಿನ ಬಕೆಟ್ಟಿಗೆ ಅವಳ ತೋಳನ್ನು ಮೊಣಕೈವರೆಗೆ ಅದ್ದಿದೆ. ನೀರು ಚುಂಯ್ ಎಂದಿತು. ಸುಟ್ಟ ಚರ್ಮದ ವಾಸನೆ ಎದ್ದಿತು. "ಅಯ್ಯೋ, ಏನ್ ಮಾಡ್ಕೊಂಡ್ಯೇ ಅಕ್ಕ!" ಎಂದು ನಾನೇ ಕಿರುಚಿದೆ. ಹಲ್ಲು ಕಚ್ಚಿಕೊಂಡೇ ಅವಳು, "ಪುಟ್ಟಿ, ಬಟ್ಟೆ ನೋಡು" ಅಂದಳು.

ದರ್ಜಿಗಳು ಅವಳನ್ನು ಹ್ಯಾಂಗರಿನ ಪ್ರಥಮ ಚಿಕಿತ್ಸೆ ಕೋಣೆಗೆ ಕರೆದೊಯ್ದರು. ನೆಲದ ಮೇಲೆ ಆ ಬಟ್ಟೆಯ ಮೂಲೆಯೊಂದು ಉಳಿದಿತ್ತು. ಎತ್ತಿ ಒಲೆಗೆ ಹಿಡಿದೆ. ಕಾಗದದಂತೆ ಉರಿದು ತೊಟ್ಟಿಕ್ಕಿತು. ಬೆಂಕಿ ಅಂಗಿ ಉರಿಯುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಒಳಕೋಣೆಗೆ ನುಗ್ಗಿದೆ. ಮೊನ್ನೆ ನಾನೇ ಪರೀಕ್ಷೆ ಮಾಡಿ ಸಹಿ ಹಾಕಿದ್ದ, ಇನ್ನೂ ಬಳಸದ ಒಂದು ರೋಲ್ ಗೋಡೆಗೆ ಒರಗಿತ್ತು. ಕೆಡವಿ ಬಿಚ್ಚತೊಡಗಿದೆ. ಒಂದು ಮೀಟರ್, ಎರಡು, ಐದು. ಎಂಟನೆಯ ಮೀಟರಿನಲ್ಲಿ ಕೈಗೆ ಒಂದು ಹೊಲಿಗೆ ತಗುಲಿತು. ಅತ್ತ ಒಂದು ಬಟ್ಟೆ, ಇತ್ತ ಇನ್ನೊಂದು. ಅದೇ ಬಣ್ಣ, ಅದೇ ದಪ್ಪ. ಎರಡೂ ಕಡೆಯಿಂದ ಚೂರು ಕತ್ತರಿಸಿ ಒಲೆಗೆ ಹಿಡಿದೆ. ತುದಿಯ ಕಡೆಯದು ಕಪ್ಪಾಗಿ ಆರಿತು. ಒಳಗಿನದು ಧಗಧಗ ಉರಿಯಿತು. ತುದಿಯಿಂದಲೇ ಕತ್ತರಿಸುವ ಪೆದ್ದಿ ಒಬ್ಬಳಿದ್ದಾಳೆ ಎಂದು ಗೊತ್ತಿದ್ದವನು ಮಾಡಿದ ಕೆಲಸ. ಅಸಲಿ ಬಟ್ಟೆ ಎಂಟು ಮೀಟರ್ ನನ್ನ ಕಣ್ಣಿಗೆ, ಅಗ್ಗದ ಬಟ್ಟೆ ನೂರು ಮೀಟರ್ ಜನರ ಬೆನ್ನಿಗೆ.

ಮತ್ತೆ ಆ ಹೊಲಿಗೆ ನೋಡಿದೆ. ಎಡಕ್ಕೆ ವಾಲಿತ್ತು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಬಾಗಿಲಲ್ಲಿ ಭಾವ ಬಂದು ನಿಂತಿದ್ದ. "ಏನೇ ಅದು? ರೋಲ್ ಯಾಕೆ ಬಿಚ್ಚಿದೆ? ನಾನೇನೂ ಬದಲಾಯಿಸಿಲ್ಲ" ಅಂದ. ಬದಲಾಯಿಸಿದ್ದಾರೆ ಎಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇಂಥವರಿಗೇ.

"ಭಾವ, ಆ ವಿಮಾನ ಹಾರೋಕೆ ಬಿಡಬೇಡಿ. ಎಪ್ಪತ್ತಾರು ಜನ."

"ಬೆಂಕಿ ಬಿದ್ದರೆ ತಾನೆ? ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಬಿದ್ದಿದ್ಯಾ?"

"ಬೀಳೋದು ಕೇಳ್ಕೊಂಡು ಬರುತ್ತಾ? ನಾನು ಹೋಗಿ ಹೇಳ್ತೀನಿ."

"ಹೋಗು, ಹೇಳು." ಅವನು ನಕ್ಕ. "ಪುಸ್ತಕದಲ್ಲಿ ಯಾರ ಸಹಿ ಇದೆ? ನಿಂದು. ರೋಲ್ ಜೋಡಿಸಿದ ಹೊಲಿಗೆ ಯಾರದು? ನಿನ್ನ ಅಕ್ಕಂದು. ನಾನು ಒಂದು ದಾರಾನೂ ಮುಟ್ಟಿಲ್ಲ. ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಜೈಲಿಗೆ ಹೋಗಿ, ಒಬ್ಬರಿಗೊಬ್ಬರು ಜೊತೆಯಾಗತ್ತೆ."

ನನ್ನ ಕೈಗೆ ಗಜಕಡ್ಡಿ ಯಾವಾಗ ಬಂತೋ ಗೊತ್ತಿಲ್ಲ. ಅವನ ಕಿವಿಯ ಮೇಲೆ ಬಿತ್ತು. ಕಡ್ಡಿ ಎರಡು ತುಂಡಾಯಿತು. ಅವನು ನನ್ನ ಜುಟ್ಟು ಹಿಡಿದು ಮುಖವನ್ನು ಹೊಲಿಗೆ ಯಂತ್ರದ ಮೇಲೆ ಬಡಿದ. ಬಾಯಲ್ಲಿ ಉಪ್ಪು, ನಾಲಿಗೆಗೆ ಏನೋ ಗಟ್ಟಿಯಾದದ್ದು ಸಿಕ್ಕಿತು, ನನ್ನದೇ ಹಲ್ಲು. ಬಿದ್ದವಳ ಪಕ್ಕೆಗೆ ಬೂಟಿನಿಂದ ಎರಡು ಸಲ ಒದ್ದ. "ಬಾಯಿ ತೆಗೆದ್ರೆ ಅವಳ ಇನ್ನೊಂದು ಕೈನೂ ಒಲೆಗೆ ಇಡ್ತೀನಿ" ಅಂದ. ಅಂದು ಹೋದ.

ನಾನು ಮುಖ ತೊಳೆದುಕೊಂಡು ಸಹಿ ಸಾಹೇಬರ ಕೋಣೆಗೆ ಹೋದೆ. ಅವರು ನನ್ನ ತುಟಿಯಿಂದ ಸೋರುವ ರಕ್ತ ಕಾಗದದ ಮೇಲೆ ಬೀಳದಂತೆ ಕಡತಗಳನ್ನು ಪಕ್ಕಕ್ಕೆ ಸರಿಸಿದರು. "ಸಾಹೇಬ್ರೆ, ವಿಮಾನ ಇವತ್ತೊಂದು ದಿನ ನಿಲ್ಲಿಸಿ" ಅಂದೆ.

"ಯಾಕಮ್ಮ?"

"ಸೀಟಿನ ಕೆಲಸ ಸರಿ ಇಲ್ಲ."

"ಏನು ಸರಿ ಇಲ್ಲ? ಯಾರು ಮಾಡಿದ್ದು? ಹೆಸರು ಸಮೇತ ಬರೆದು ಕೊಡು. ಬರವಣಿಗೆ ಇಲ್ಲದೆ ನಾನು ವಿಮಾನ ನಿಲ್ಲಿಸಿದರೆ ನನ್ನ ತಲೆ ಹೋಗತ್ತೆ." ಅವರು ಪೆನ್ನನ್ನು ನನ್ನ ಕಡೆ ನೂಕಿದರು.

ಪೆನ್ನು ಹಿಡಿದೆ. ಅಕ್ಕನ ಹೆಸರಿನ ಮೊದಲ ಅಕ್ಷರ ಬರೆದೆ. ಅಮ್ಮ ಸಾಯುವಾಗ ನನ್ನ ಕೈಯನ್ನು ಅವಳ ಕೈಯಲ್ಲಿಟ್ಟು, "ಇವಳ ಕೈ ಬಿಡಬೇಡ" ಎಂದಿದ್ದಳು. ಅಕ್ಕ ನನ್ನ ಕೈ ಎಂದೂ ಬಿಟ್ಟಿರಲಿಲ್ಲ. ಬೆನ್ನಿನ ತುಂಬ ಬಾಸುಂಡೆ ಹೊತ್ತುಕೊಂಡು ಇನ್ನೊಬ್ಬರ ಮಾತಿಗೆ ಸೂಜಿ ಹಿಡಿದವಳನ್ನು ನಾನು ಹೇಗೆ ಪೊಲೀಸರ ಕೈಗೆ ಕೊಡಲಿ? ಕೊಡದಿದ್ದರೆ, ಆ ಎಪ್ಪತ್ತಾರು ಜನರನ್ನು ಯಾರ ಕೈಗೆ ಕೊಟ್ಟ ಹಾಗಾಯಿತು? ಕಾಗದ ಮುದುರಿ ಬಾಯಿಗೆ ಹಾಕಿಕೊಂಡು, ರಕ್ತದ ಜೊತೆ ಅವರ ಕಸದ ಬುಟ್ಟಿಗೆ ಉಗುಳಿದೆ. ಗಡಿಯಾರದಲ್ಲಿ ಒಂದೂ ಹತ್ತು.

ಹೊರಗೆ ಬರುವಷ್ಟರಲ್ಲಿ ದಾರಿ ಹೊಳೆದಿತ್ತು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಸಿಟ್ಟಿನವಳಿಗೆ ತಲೆ ಕೆಟ್ಟು ಸೀಟು ಹರಿದಳು ಎಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಹರಿದ ಸೀಟಿನಲ್ಲಿ ಜನರನ್ನು ಕೂರಿಸಲಾರರು. ವಿಮಾನವೂ ಹಾರುವುದಿಲ್ಲ, ಅಕ್ಕನ ಹೆಸರೂ ಬರುವುದಿಲ್ಲ. ಶೆಡ್ಡಿಗೆ ಹೋಗಿ ಹತ್ತು ಪದರ ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳುವ ನನ್ನ ಚೂರಿ ತೆಗೆದುಕೊಂಡೆ. ವಿಮಾನ ಹೊರಡುವ ಮುಂಚೆ ಹೊಲಿಗೆ ಬಿಟ್ಟಿದೆಯೇ ಎಂದು ನೋಡಲು ನಮ್ಮವರೊಬ್ಬರು ಹತ್ತುವುದು ರೂಢಿ. ಹಾಗಾಗಿ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಮೆಕ್ಯಾನಿಕ್ ಉದ್ದಣ್ಣ ತಡೆಯಲಿಲ್ಲ. "ಏನಕ್ಕ ಬಾಯಿಗೆ?" ಎಂದಷ್ಟೇ ಕೇಳಿದ. "ಕಾಲು ಜಾರ್ತು" ಅಂದೆ.

ಒಳಗೆ ಹೊಸ ಬಟ್ಟೆಯ ವಾಸನೆ, ಹಳೇ ಕಾರ್ಪೆಟ್ಟಿನ ಮುಗ್ಗು. ಹತ್ತೊಂಬತ್ತು ಸಾಲು, ಸಾಲಿಗೆ ನಾಲ್ಕು. ಎಲ್ಲ ನಾನೇ ಕತ್ತರಿಸಿದ ನೀಲಿ ಬಟ್ಟೆ, ಒಂದು ಸುಕ್ಕಿಲ್ಲ. ಮೊದಲ ಸೀಟಿನ ಬೆನ್ನೊರಗಿಗೆ ಚೂರಿ ಇಳಿಸಿದಾಗ ನನ್ನ ಹೊಟ್ಟೆಗೇ ಇಳಿಸಿದಂತಾಯಿತು. ನೀಲಿ ಹರಿಯಿತು, ಬೂದು ಹರಿಯಿತು, ಹಳದಿ ಸ್ಪಂಜು ಕರುಳಿನ ಹಾಗೆ ಈಚೆ ಬಂತು. ಎರಡನೆಯದು. ಮೂರನೆಯದು. ಆಮೇಲೆ ಕೈಗೆ ಲಯ ಸಿಕ್ಕಿತು. ಒರಗಿಗೆ ಒಂದು, ಕೂರುವಲ್ಲಿಗೆ ಒಂದು. ಅಳುತ್ತಿದ್ದೆ, ಬೈಯುತ್ತಿದ್ದೆ, ಭಾವನನ್ನು, ಸಾಹೇಬರನ್ನು, ನನ್ನನ್ನು. ಬೆವರು, ರಕ್ತ, ಸ್ಪಂಜಿನ ಪುಡಿ ಎಲ್ಲ ಮುಖಕ್ಕೆ ಮೆತ್ತಿಕೊಂಡಿತ್ತು. ನಲವತ್ತೊಂದನೆಯ ಸೀಟಿಗೆ ಚೂರಿ ಹಾಕಿದಾಗ ಹಿಂದಿನಿಂದ ಬೆನ್ನಿಗೆ ಒದೆ ಬಿತ್ತು.

ಸೀಟಿನ ಕೈಗೆ ಹಣೆ ಬಡಿಯಿತು. ಬೂದಿಡಬ್ಬಿಯ ಅಂಚು ಹುಬ್ಬನ್ನು ಸೀಳಿತು. ಚೂರಿ ಕೆಳಗೆಲ್ಲೋ ಜಾರಿಹೋಯಿತು. ಭಾವ ನನ್ನನ್ನು ತಿರುಗಿಸಿ ಎದೆಯ ಮೇಲೆ ಮೊಣಕಾಲೂರಿದ. "ಹರಿ! ಎಷ್ಟು ಹರೀತೀಯೋ ಹರಿ! ನಾಳೆ ಇದೇ ಬಟ್ಟೆ ಮತ್ತೆ ಹಾಕಿ ಕಳಿಸ್ತೀನಿ" ಎಂದ. ಆಗ ನನಗೆ ಅರ್ಥವಾಯಿತು. ನಾನು ನಿಲ್ಲಿಸಿದ್ದು ಒಂದು ದಿನವನ್ನು ಮಾತ್ರ. ಗೋದಾಮಿನಲ್ಲಿ ಆ ನಕಲಿ ಬಟ್ಟೆಯ ರೋಲುಗಳು ಇನ್ನೂ ಇದ್ದವು.

"ಏ ಪಾಪಿ, ನಿನ್ನ ಮನೆ ಹಾಳಾಗ!" ಎಂದು ಅವನ ಕೆನ್ನೆ ಕಚ್ಚಿದೆ. ಚರ್ಮ ಬಾಯಿಗೆ ಬಂತು. ಇಷ್ಟು ವರ್ಷ ಭಾವ, ನೀವು ಎಂದ ಬಾಯಿ ಅದು. ಅವನು ಕೂಗುತ್ತ ಪಕ್ಕದ ಸೀಟಿನ ಬೆಲ್ಟು ಎಳೆದು ನನ್ನ ಕುತ್ತಿಗೆಗೆ ಸುತ್ತಿದ. ಎಡಗೈಯನ್ನು ಸೀಟಿನ ಮೇಲೂರಿ, ಬಲಗೈಯಲ್ಲಿ ಬಿಗಿದ. ಕಾಲು ಬಡಿದೆ. ಮೇಲಿನ ಹಳದಿ ಪೆಟ್ಟಿಗೆಗಳು ಕಪ್ಪಾಗುತ್ತ ಬಂದವು. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಅವನ ಹಿಂದೆ ಅಕ್ಕ ಬಂದದ್ದು ನನಗೆ ಕಂಡಿತು, ಅವನಿಗೆ ಕಾಣಲಿಲ್ಲ. ಬಲಗೈಗೆ ಮೊಣಕೈವರೆಗೆ ಬಿಳಿ ಬ್ಯಾಂಡೇಜು. ಎಡಗೈಯಲ್ಲಿ ದಪ್ಪ ಸ್ಪಂಜು ಹೊಲಿಯುವ ಬಾಗುಸೂಜಿ, ಗೇಣುದ್ದದ್ದು. ಅವಳು ಕೂಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ದಿನಾ ಹೊಲಿಯುವ ಹಾಗೆಯೇ ಬಾಗಿ, ಅವನು ಊರಿಕೊಂಡಿದ್ದ ಎಡಗೈಯ ನಡುವಿಗೆ ಸೂಜಿ ಇಳಿಸಿದಳು. ಅದು ಅಂಗೈ ದಾಟಿ, ನೀಲಿ ಬಟ್ಟೆ ದಾಟಿ, ಸ್ಪಂಜಿಗೆ ಹೊಕ್ಕಿತು. ಭಾವ ಊಳಿಟ್ಟ. ಕೈ ಕಿತ್ತುಕೊಳ್ಳಲು ಹೋದಷ್ಟೂ ಬಾಗಿದ ಸೂಜಿ ಮಾಂಸವನ್ನು ತಿರುವಿತು. ಬೆಲ್ಟು ಸಡಿಲಾಯಿತು. ಅಕ್ಕ ಅವನ ಮುಖಕ್ಕೆ ಚಪ್ಪಲಿ ಕಾಲಿನಿಂದ ಒದ್ದಳು. ಒಂದು ಸಲವಲ್ಲ. ಒಂದೊಂದು ಒದೆಗೂ ಒಂದೊಂದು ವರ್ಷ ಎಂಬಂತೆ ಒದ್ದಳು. ಅವನ ಮೂಗು ಮುರಿದ ಶಬ್ದ ನನಗೆ ಕೇಳಿಸಿತು. ನಾನೇ ಅವಳ ಕಾಲು ಹಿಡಿದು, "ಸಾಕು ಅಕ್ಕ, ಸತ್ತೇಹೋಗ್ತಾನೆ" ಎಂದೆ. ಜಗಳ ಬಿಡಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಗಲಾಟೆ ಕೇಳಿ ಉದ್ದಣ್ಣ ಓಡಿಬಂದಿದ್ದ. ಅವನ ಹಿಂದೆ ಸಹಿ ಸಾಹೇಬರು, ಕೈಯಲ್ಲಿ ಕಡತ. ಭಾವ ಬಾಯಿತುಂಬ ರಕ್ತ ಉಗುಳುತ್ತ ನನ್ನ ಕಡೆ ಬೆರಳು ತೋರಿಸಿ, "ಹುಚ್ಚಿ ಅವಳು! ಹುಚ್ಚು ಹಿಡಿದು ಹರಿದಿದ್ದಾಳೆ!" ಎಂದ. ನಾನು ತಲೆಯಾಡಿಸಿದೆ. "ಹೌದು, ಸಿಟ್ಟು ಬಂತು, ಹರಿದೆ. ನನ್ನನ್ನೇ ಹಿಡ್ಕೊಳ್ಳಿ" ಎಂದೆ. ಅಕ್ಕನ ಕಡೆ ನೋಡಿ, ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ.

ಅಕ್ಕ ನನ್ನನ್ನು ಸರಿಸಿ ಮುಂದೆ ಬಂದಳು. "ಅವಳಿಗೆ ಹುಚ್ಚಿಲ್ಲ. ಈ ಸೀಟಲ್ಲಿ ಬೆಂಕಿ ಅಂಗಿ ಇಲ್ಲ, ಸಾಹೇಬ್ರೆ. ಇರೋದು ಬರೀ ಬಟ್ಟೆ. ತರಿಸಿದ್ದು ಇವರು. ರೋಲ್ ಜೋಡಿಸಿದ್ದು ನಾನು, ಕತ್ತರಿಸಿದ್ದು ನಾನು, ಹೊಲಿದಿದ್ದೂ ನಾನು. ಇದೊಂದಕ್ಕೇ ಅಲ್ಲ, ಹಿಂದಿನ ಎರಡು ವಿಮಾನಕ್ಕೂ ಹಾಕಿದ್ದೀನಿ. ಬರ್ಕೊಳ್ಳಿ. ಇವತ್ತಾದ್ರೂ ಓದಿ ಸಹಿ ಹಾಕಿ."

ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಸಾಹೇಬರ ಮುಖ ಬಿಳುಚಿತು. ಉದ್ದಣ್ಣ ಹರಿದ ಸೀಟಿನಿಂದ ಬೂದುಬಣ್ಣದ ಚೂರೊಂದನ್ನು ಕಿತ್ತುಕೊಂಡು, ಹ್ಯಾಂಗರಿನ ಆಚೆ ಸಿಮೆಂಟಿನ ಮೇಲಿಟ್ಟು ಲೈಟರ್ ಹಚ್ಚಿದ. ಕಿಟಕಿಯಿಂದ ಎಲ್ಲರೂ ನೋಡಿದೆವು. ಅವನು ಎರಡು ಹೆಜ್ಜೆ ಹಿಂದೆ ಹಾರಿದ.

ಆ ಎರಡು ವಿಮಾನಗಳಲ್ಲಿ ಒಂದು ನೆಲದ ಮೇಲಿತ್ತು. ಇನ್ನೊಂದು ಆಕಾಶದಲ್ಲಿ. ಅದು ಇಳಿಯಲು ಐವತ್ತು ನಿಮಿಷವಿದೆ ಎಂದರು. ನಾನೂ ಅಕ್ಕನೂ ವಿಮಾನದ ಮೆಟ್ಟಿಲ ಮೇಲೆ ಕೂತೆವು, ಪಕ್ಕದಲ್ಲಿ ಇಬ್ಬರು ಪೊಲೀಸರು. ನನ್ನ ಕಣ್ಣಿಗೆ ರಕ್ತ ಇಳಿಯುತ್ತಿತ್ತು, ಒರೆಸಿಕೊಳ್ಳುವ ಮನಸ್ಸಾಗಲಿಲ್ಲ. ಆ ಐವತ್ತು ನಿಮಿಷ ನಾನು ಅನುಭವಿಸಿದ್ದು ನನ್ನ ಶತ್ರುವಿಗೂ ಬೇಡ. ಇಳಿಯಿತು ಎಂದು ಉದ್ದಣ್ಣ ಕೂಗಿ ಹೇಳಿದಾಗ ಅಕ್ಕ ಮೊದಲ ಸಲ ಅತ್ತಳು.

ಭಾವ ಒಳಗಿದ್ದಾನೆ. ಸಹಿ ಸಾಹೇಬರ ಕೆಲಸ ಹೋಯಿತು. ತಾನಾಗಿ ಒಪ್ಪಿಕೊಂಡಳೆಂದು ಅಕ್ಕನನ್ನು ಎಂಟು ತಿಂಗಳಿಗೆ ಬಿಟ್ಟರು. ಆ ಮೂರು ವಿಮಾನಗಳ ಪರೀಕ್ಷೆಯ ಪುಸ್ತಕದಲ್ಲಿ ಹನ್ನೊಂದು ಕಡೆ ನನ್ನ ಸಹಿ ಇತ್ತು. ವಿಮಾನದ ಬಟ್ಟೆಯನ್ನು ನಾನು ಇನ್ನು ಮುಟ್ಟುವಂತಿಲ್ಲ. ಈಗ ಒಂದು ಸಣ್ಣ ಕೋಣೆ ಹಿಡಿದು ಇಬ್ಬರೂ ಸೋಫಾ, ಬಸ್ಸಿನ ಸೀಟು, ಸಿನಿಮಾ ಕುರ್ಚಿ ರಿಪೇರಿ ಮಾಡುತ್ತೇವೆ. "ಏನೂ ಆಗಿರ್ಲಿಲ್ವಲ್ಲ, ಅಷ್ಟಕ್ಕೆ ಯಾಕೆ ಅಷ್ಟು ರಂಪ ಮಾಡಿದ್ರಿ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಅಂಥವರಿಗೆ ನಾನು ಕೋಣೆಯ ಬಾಗಿಲು ತೋರಿಸುತ್ತೇನೆ, ಅಕ್ಕ ಪಕ್ಕದಲ್ಲಿರುವುದರಿಂದ ಕೈ ಮಾಡುವುದಿಲ್ಲ.

ಹೋದ ವಾರ ಕೆಲಸದ ನಡುವೆ ಅಕ್ಕ ಚಹಾ ಇಟ್ಟಳು. ಬಟ್ಟೆ ಹಿಡಿದು ಪಾತ್ರೆ ಇಳಿಸಿದಳು. ಎಡಗೈಯಿಂದ. ಬಲಗೈಯ ಎರಡು ಬೆರಳು ಬೆಸೆದುಹೋಗಿವೆ, ಅದರಿಂದ ಅಲ್ಲ. ಅವಳು ಹುಟ್ಟಾ ಎಡಚಿ. ಅನ್ನ ಬಡಿಸುವುದು, ಬಾಗಿಲು ತೆಗೆಯುವುದು, ಪಾತ್ರೆ ಇಳಿಸುವುದು, ಎಲ್ಲ ಎಡಗೈಯಲ್ಲೇ. ನಾನು ಕತ್ತರಿಸುತ್ತಿದ್ದವಳು ಹಾಗೇ ನಿಂತುಬಿಟ್ಟೆ.

"ಅಕ್ಕ, ಅವತ್ತು ಬಲಗೈಯಲ್ಲಿ ಯಾಕೆ ಎತ್ತಿದೆ?"

ಅವಳು ಚಹಾ ಸೋಸುತ್ತಲೇ ಹೇಳಿದಳು: "ಎಡಗೈ ಬೇಕಿತ್ತಲ್ಲ, ಹೊಟ್ಟೆಪಾಡಿಗೆ."

"ಗೊತ್ತಿದ್ದೂ ಬೆಂಕಿಗೆ ಕೈ ಕೊಟ್ಯಾ? ಬಾಯಲ್ಲಿ ಹೇಳೋಕೇನಾಗಿತ್ತು ನಿನಗೆ?" ನನ್ನ ದನಿ ಏರಿತು. ಏರಿದ್ದು ಸಿಟ್ಟಿಗಲ್ಲ.

"ಹೇಳಿದ್ನಲ್ಲ ಪುಟ್ಟಿ. ರೋಲಿನ ಒಳಗಿಂದ ಕತ್ತರ್ಸಿ ನೋಡು ಅಂತ. ನಂಗೆ ಕಲಿಸೋಕೆ ಬರ್ಬೇಡ ಅಂದೆ. ಇನ್ನೂ ಬಿಡಿಸಿ ಹೇಳಿದ್ರೆ ನೀನು ಅವರಿಗೆ ಹೊಡೀತಿದ್ದೆ, ರಾತ್ರಿ ಅದು ನನಗೆ ಬೀಳ್ತಿತ್ತು. ಬಟ್ಟೆನೇ ಹೇಳಲಿ ಅಂದ್ಕೊಂಡೆ." ಲೋಟವನ್ನು ನನ್ನ ಮುಂದಿಟ್ಟಳು. "ಕುಡಿ, ಆರೋಗತ್ತೆ."

ಯಾರಿಗಾದರೂ ಹೊಡೆಯಬೇಕು ಎನ್ನಿಸಿತು. ಕೋಣೆಯಲ್ಲಿ ಹೊಡೆಸಿಕೊಳ್ಳಬೇಕಾದವಳು ನಾನೊಬ್ಬಳೇ ಇದ್ದೆ. ಅವಳ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಚಹಾ ಆರಿಹೋಯಿತು, ಅವಳು ಬೈದಳು, ಮತ್ತೆ ಬಿಸಿ ಮಾಡಿದಳು.

ಈಗ ಅವಳು "ಪುಟ್ಟಿ" ಎಂದರೆ ಸಾಕು, ಕೈಯಲ್ಲಿರುವ ಕತ್ತರಿಯನ್ನು ಕೆಳಗಿಡುತ್ತೇನೆ.